ಹೈದರಾಬಾದ್ ಹೆಸರು ಹೊತ್ತ ಬ್ರಿಗೇಡುಗಳು

ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡತೊಡಗಿದ್ದು 1874ರಲ್ಲಿ. ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರು ದಾಟಿ ಹೋಗುವ ಈ ಹಳಿ, ವಾಡಿಯಲ್ಲಿ ಮುಂಬಯಿ–ರಾಯಚೂರು ಮಾರ್ಗವನ್ನು ಕೂಡುತ್ತದೆ. ಊರಿನ ಜನ ಅದನ್ನು ಕಂಡದ್ದು ಜೋಳ, ತೊಗರಿ, ಹತ್ತಿ ಸಾಗಿಸುವ ದಾರಿಯಾಗಿ. ಬ್ರಿಟಿಷರ ಲೆಕ್ಕದಲ್ಲಿ ಅದರ ಬೆಲೆ ಬೇರೆಯೇ ಇತ್ತು. ದೇಶದ ದೊಡ್ಡ ದಂಡಿನ ಶಿಬಿರಗಳಲ್ಲಿ ಒಂದಾದ ಸಿಕಂದರಾಬಾದನ್ನು ಮುಂಬಯಿ ಬಂದರಿಗೆ ನೇರವಾಗಿ ಜೋಡಿಸುವ ಬ್ರಾಡ್‌ಗೇಜ್ ದಾರಿ ಅದು. 1914ರಲ್ಲಿ ಯುರೋಪಿನಲ್ಲಿ ಯುದ್ಧ ಹೊತ್ತಿಕೊಂಡಾಗ ಸಿಕಂದರಾಬಾದಿನ ಕುದುರೆ ದಂಡು ಫ್ರಾನ್ಸಿಗೂ, ನಿಜಾಮರ ಭಾಲೆಯ ಸವಾರರು ಈಜಿಪ್ಟಿಗೂ ಹೊರಟರು.

ಎರಡು ಮಹಾಯುದ್ಧಗಳಲ್ಲಿ ‘ಹೈದರಾಬಾದ್’ ಎಂಬ ಹೆಸರು ಸೊಮ್ ನದಿಯ ಗೋಧಿ ಹೊಲಗಳಿಂದ ಮಲಯದ ರಬ್ಬರ್ ತೋಟಗಳವರೆಗೆ ಸುತ್ತಿದೆ. ಆದರೆ ಆ ಹೆಸರಿನ ಕೆಳಗೆ ನಿಂತಿದ್ದವರು ಯಾರು, ಅವರಲ್ಲಿ ಕಲಬುರಗಿ, ರಾಯಚೂರು, ಬೀದರ ಸೀಮೆಯ ಪಾಲೆಷ್ಟು ಎಂದು ವಿಚಾರಿಸಿದವರು ಕಡಿಮೆ. ‘ನಿಜಾಮರ ಫೌಜು’ ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಗಿಸುವ ರೂಢಿ ಈ ಕಡೆ ಬೆಳೆದುಬಿಟ್ಟಿದೆ. ಅದರಿಂದ ಎರಡು ತಪ್ಪುಗಳಾಗಿವೆ. ನಮ್ಮದಲ್ಲದ ಪರಾಕ್ರಮ ನಮ್ಮ ಖಾತೆಗೆ ಬಿದ್ದಿದೆ. ನಮ್ಮ ನೆಲ ತೆತ್ತ ಬೆಲೆ ಯಾರ ಖಾತೆಗೂ ಬಂದಿಲ್ಲ.

ಹೋಲಿಕೆಗೆ ಸ್ಕಾಟ್ಲೆಂಡಿನ ಕಾಲಾಳು ಬ್ರಿಗೇಡುಗಳನ್ನು ನೋಡಬಹುದು. ಬ್ರಿಗೇಡ್ ಎಂದರೆ ಸಾಮಾನ್ಯವಾಗಿ ಮೂರು ನಾಲ್ಕು ಪಲ್ಟಣಗಳು ಸೇರಿದ, ಕೆಲವು ಸಾವಿರ ಜನರ ದಂಡು. 51ನೇ ಹೈಲ್ಯಾಂಡ್ ಡಿವಿಜನ್ನಿನ 152, 153, 154ನೇ ಬ್ರಿಗೇಡುಗಳಲ್ಲಿ ಸೀಫೋರ್ತ್, ಕ್ಯಾಮರೂನ್, ಗಾರ್ಡನ್, ಬ್ಲ್ಯಾಕ್ ವಾಚ್, ಆರ್ಗೈಲ್ ಪಲ್ಟಣಗಳಿದ್ದವು. ಒಂದೊಂದು ಪಲ್ಟಣಕ್ಕೂ ತನ್ನದೇ ಸೀಮೆ. ಅಲ್ಲಿನ ಹಳ್ಳಿಗಳ ಹುಡುಗರೇ ಸಿಪಾಯಿಗಳು. 1940ರ ಜೂನ್ 12ರಂದು ಫ್ರಾನ್ಸಿನ ಕಡಲತೀರದ ಸೇಂಟ್ ವ್ಯಾಲರಿಯಲ್ಲಿ ಈ ಡಿವಿಜನ್ನಿನ ಬಹುಭಾಗ ಶರಣಾಗಿ ಸುಮಾರು 10,000 ಜನ ಸೆರೆಯಾದಾಗ, ಉತ್ತರ ಸ್ಕಾಟ್ಲೆಂಡಿನಲ್ಲಿ ಸುದ್ದಿ ಮುಟ್ಟದ ಊರಿರಲಿಲ್ಲ. ಅಲ್ಲಿ ಪ್ರತಿ ಊರಿನಲ್ಲೂ ಸತ್ತವರ ಹೆಸರು ಕೆತ್ತಿದ ಕಲ್ಲಿದೆ. ಪಲ್ಟಣದ ಹೆಸರು, ಸೀಮೆಯ ಹೆಸರು, ಸಿಪಾಯಿಯ ಮನೆ ಮೂರೂ ಒಂದೇ ನೆಲಕ್ಕೆ ಸೇರಿದ್ದವು. ಹೈದರಾಬಾದಿನ ವಿಷಯದಲ್ಲಿ ಈ ಮೂರೂ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿವೆ.

ಹೈದರಾಬಾದ್ ಹೆಸರಿನ ಸೈನ್ಯಗಳು ಕನಿಷ್ಠ ಮೂರು ಬಗೆ. ಮೊದಲನೆಯದು ಹೈದರಾಬಾದ್ ಕಂಟಿಂಜೆಂಟ್. 1811ರಿಂದ 1820ರವರೆಗೆ ಹೈದರಾಬಾದಿನಲ್ಲಿ ಬ್ರಿಟಿಷರ ಪ್ರತಿನಿಧಿ, ಅಂದರೆ ರೆಸಿಡೆಂಟ್ ಆಗಿದ್ದ ಹೆನ್ರಿ ರಸೆಲ್ ಕಟ್ಟಿದ ‘ರಸೆಲ್ ಬ್ರಿಗೇಡ್’ ಇದರ ಬೇರುಗಳಲ್ಲೊಂದು. ಖರ್ಚು ನಿಜಾಮರದು, ಅಧಿಕಾರಿಗಳು ಬ್ರಿಟಿಷರು, ಹುಕುಮು ರೆಸಿಡೆಂಟರದು. ಎರಡನೆಯದು ನಿಜಾಮರ ಸ್ವಂತ ಸೈನ್ಯದಿಂದ ಆರಿಸಿ, ಸಾಮ್ರಾಜ್ಯದ ಯುದ್ಧಕ್ಕೆಂದೇ ತರಬೇತಿ ಕೊಟ್ಟ ಇಂಪೀರಿಯಲ್ ಸರ್ವಿಸ್ ಪಡೆ. ಗಡಿ ರಕ್ಷಣೆಗೆಂದು 60 ಲಕ್ಷ ರೂಪಾಯಿ ಕೊಡುತ್ತೇನೆಂದು ನಿಜಾಮ ಮೀರ್ ಮಹಬೂಬ್ ಅಲಿ ಖಾನ್ 1887ರಲ್ಲಿ ಮುಂದಾದದ್ದೇ ಸಂಸ್ಥಾನಗಳ ಇಂಥ ಪಡೆಗಳ ಯೋಜನೆಗೆ ನೆಪವಾಯಿತು. ಮೂರನೆಯದು ಪಾಯಗಾ ಅಮೀರರು ಮತ್ತು ಜಾಗೀರುದಾರರು ಸಾಕಿಕೊಂಡಿದ್ದ ದಂಡು. ಪಾಯಗಾ ಜಾಗೀರುಗಳು ಕಲಬುರಗಿ ಜಿಲ್ಲೆಯಲ್ಲೂ ಹರಡಿದ್ದವು. ದಂಡು ಸಾಕಬೇಕೆಂಬ ಕರಾರಿನ ಮೇಲೆಯೇ ಆ ಭೂಮಿ ಅಮೀರರಿಗೆ ದಕ್ಕಿತ್ತು.

ಕಂಟಿಂಜೆಂಟಿಗೂ ಕನ್ನಡ ನೆಲಕ್ಕೂ ಇದ್ದ ನಂಟು ಕಹಿಯಾದದ್ದು. ಅದರ ಸಂಬಳದ ಬಾಕಿ ಬೆಳೆದು ಬೆಳೆದು, 1853ರ ಒಪ್ಪಂದದಲ್ಲಿ ನಿಜಾಮರು ಬೇರಾರ್ ಪ್ರಾಂತ್ಯದ ಜತೆಗೆ ರಾಯಚೂರು ದೋಆಬವನ್ನೂ ಪಶ್ಚಿಮದ ಗಡಿ ಜಿಲ್ಲೆಗಳನ್ನೂ ಬ್ರಿಟಿಷರ ಕೈಗೆ ಒಪ್ಪಿಸಬೇಕಾಯಿತು. ಕೃಷ್ಣಾ–ತುಂಗಭದ್ರೆಯ ನಡುವಿನ ರೈತ ಕಟ್ಟಿದ ಕಂದಾಯ ನೇರವಾಗಿ ಈ ಪಲ್ಟಣಗಳ ಪಗಾರಕ್ಕೆ ಹೋಯಿತು. ದೋಆಬ್ ನಿಜಾಮರಿಗೆ ಮರಳಿದ್ದು 1860ರಲ್ಲಿ. ಈ ನಡುವೆ 1858ರ ಫೆಬ್ರವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಸಿಡಿದು ನಿಂತಾಗ, ಲಿಂಗಸುಗೂರಿನಲ್ಲಿದ್ದ ಕಂಟಿಂಜೆಂಟಿನ ತುಕಡಿ ಕ್ಯಾಪ್ಟನ್ ವಿಂಡ್‌ಹ್ಯಾಮನ ನೇತೃತ್ವದಲ್ಲಿ ಸುರಪುರದ ಮೇಲೆ ಹೋಯಿತು. ಯಾರ ಕಂದಾಯದಿಂದ ಆ ಪಡೆ ಉಂಡಿತೋ ಅವರ ನೆರೆಯವರ ಮೇಲೆಯೇ ಅದು ಗುಂಡು ಹಾರಿಸಿತು. ಪಲ್ಟಣಗಳ ಶೌರ್ಯದ ಪಟ್ಟಿ ಬರೆಯುವವರು ಈ ಪುಟವನ್ನು ಹಾರಿಸಿ ಮುಂದೆ ಹೋಗಬಾರದು.

1903ರಲ್ಲಿ ಕಂಟಿಂಜೆಂಟ್ ಭಾರತೀಯ ಸೈನ್ಯದಲ್ಲಿ ಕರಗಿತು. ಅದರ ಆರು ಕಾಲಾಳು ಪಲ್ಟಣಗಳಿಗೆ 94ರಿಂದ 99ರವರೆಗಿನ ಸಂಖ್ಯೆಗಳು ಬಂದವು. ಕುದುರೆ ದಂಡುಗಳಲ್ಲಿ ಒಂದು 20ನೇ ಡೆಕ್ಕನ್ ಹಾರ್ಸ್ ಆಯಿತು.

ಮೊದಲ ಮಹಾಯುದ್ಧದಲ್ಲಿ ಈ ಡೆಕ್ಕನ್ ಹಾರ್ಸ್, 34ನೇ ಪೂನಾ ಹಾರ್ಸ್ ಮತ್ತು ಬ್ರಿಟಿಷರ 7ನೇ ಡ್ರಾಗೂನ್ ಗಾರ್ಡ್ಸ್ ಸೇರಿ ಸಿಕಂದರಾಬಾದ್ ಕ್ಯಾವಲ್ರಿ ಬ್ರಿಗೇಡ್. 1914ರ ಚಳಿಗಾಲದ ಹೊತ್ತಿಗೆ ಅದು ಫ್ರಾನ್ಸಿನಲ್ಲಿತ್ತು. ಮುಳ್ಳುತಂತಿ, ಮೆಷಿನ್‌ಗನ್ನುಗಳ ಆ ಯುದ್ಧದಲ್ಲಿ ಕುದುರೆ ಸವಾರರಿಗೆ ಕೆಲಸವೇ ಇರಲಿಲ್ಲ. ಸವಾರರು ಕೆಳಗಿಳಿದು ಕಂದಕದಲ್ಲಿ ಕಾಲಾಳುಗಳಂತೆ ಕೂತರು. ಒಂದು ಸಂಜೆ ಮಾತ್ರ ಬೇರೆಯಾಗಿತ್ತು. 1916ರ ಜುಲೈ 14ರಂದು ಸೊಮ್ ಕದನದ ಹೈವುಡ್ ಎಂಬ ಕಾಡಿನ ಪಕ್ಕದಲ್ಲಿ ಡೆಕ್ಕನ್ ಹಾರ್ಸ್ ಮತ್ತು ಡ್ರಾಗೂನರು ಭಾಲೆ ಚಾಚಿ ಬೆಳೆದ ಪೈರಿನೊಳಗೆ ನುಗ್ಗಿದರು, ಅಲ್ಲಿ ಅಡಗಿದ್ದ ಜರ್ಮನ್ನರನ್ನು ಚದುರಿಸಿದರು. ಆದರೆ ಕಾಡು ಕೈಗೆ ಬರಲಿಲ್ಲ. ಅದಕ್ಕಾಗಿ ಸೆಪ್ಟೆಂಬರ್‌ವರೆಗೂ ಸಾವಿರಾರು ಜನ ಸಾಯಬೇಕಾಯಿತು. ಇತ್ತ ತೈಗ್ರಿಸ್ ನದಿಯ ಕೆಸರಿನಲ್ಲಿ, ಕೂತ್ ಎಂಬ ಊರಿನಲ್ಲಿ ಮುತ್ತಿಗೆಗೆ ಸಿಕ್ಕಿದ್ದವರನ್ನು ಬಿಡಿಸಲು ಹೆಣಗಿದ ಸೈನ್ಯದಲ್ಲಿ 97ನೇ ಡೆಕ್ಕನ್ ಇನ್ಫೆಂಟ್ರಿಯೂ ಸ್ಕಾಟರ ಬ್ಲ್ಯಾಕ್ ವಾಚ್ ಪಲ್ಟಣವೂ ಇದ್ದವು. ಆ ಪ್ರಯತ್ನ ಸೋತಿತು. 1916ರ ಏಪ್ರಿಲ್‌ನಲ್ಲಿ ಕೂತ್ ಶರಣಾಯಿತು.

ನಿಜಾಮರ ಸ್ವಂತ ಸವಾರರ ಕತೆ ಹೆಚ್ಚು ತೊಡಕಿನದು, ಹೆಚ್ಚು ತಪ್ಪಾಗಿ ಹೇಳಲ್ಪಟ್ಟದ್ದೂ ಹೌದು. ಹೈದರಾಬಾದ್, ಮೈಸೂರು, ಪಟಿಯಾಲ ಲ್ಯಾನ್ಸರ್ಸ್ ಒಟ್ಟುಗೂಡಿ 1914ರ ಕೊನೆಗೆ ಈಜಿಪ್ಟಿನಲ್ಲಿ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್ ರೂಪುಗೊಂಡಿತು. ತುರ್ಕಿ ಆಗ ತಾನೇ ಯುದ್ಧಕ್ಕೆ ಇಳಿದಿತ್ತು, ತುರ್ಕಿಯ ಸುಲ್ತಾನನೇ ಖಲೀಫ. ಮುಸ್ಲಿಂ ಸಿಪಾಯಿಗಳ ಮನಸ್ಸು ಎತ್ತ ವಾಲೀತು ಎಂಬ ಆತಂಕ ಬ್ರಿಟಿಷರನ್ನು ಕಾಡುತ್ತಿದ್ದಾಗ, 1911ರಲ್ಲಿ ಪಟ್ಟಕ್ಕೆ ಬಂದಿದ್ದ ಮೀರ್ ಉಸ್ಮಾನ್ ಅಲಿ ಖಾನ್ ಬ್ರಿಟನ್ನಿಗೆ ನಿಷ್ಠರಾಗಿರಿ ಎಂದು ಮುಸಲ್ಮಾನರಿಗೆ ಬಹಿರಂಗ ಕರೆ ಕೊಟ್ಟರು. ಸಾಮ್ರಾಜ್ಯಕ್ಕೆ ಅದು ಒಂದು ಬ್ರಿಗೇಡಿಗಿಂತ ದೊಡ್ಡ ಸಹಾಯ. 1915ರ ಆರಂಭದಲ್ಲಿ ತುರ್ಕರು ಸುಯೆಜ್ ಕಾಲುವೆಯ ಮೇಲೆ ಬಂದಾಗ ಕಾಲುವೆಯ ಕಾವಲಿನಲ್ಲಿ ಈ ಬ್ರಿಗೇಡ್ ಇತ್ತು. ಮುಂದೆ ಪಟಿಯಾಲದವರು ಬೇರೆ ಕಡೆ ಹೋದರು. 1918ರಲ್ಲಿ ಫ್ರಾನ್ಸಿನಿಂದ ಜೋಧಪುರ ಲ್ಯಾನ್ಸರ್ಸ್ ಬಂದು ಸೇರಿದರು. ಬ್ರಿಗೇಡಿಗೆ 15 ಎಂಬ ಸಂಖ್ಯೆ ಬಂದದ್ದೂ ಆ ವರ್ಷವೇ.

1918ರ ಸೆಪ್ಟೆಂಬರ್ 23ರಂದು ಈ ಬ್ರಿಗೇಡ್ ಹೈಫಾ ಬಂದರನ್ನು ಗೆದ್ದಿತು. ಎಡಕ್ಕೆ ಕಾರ್ಮೆಲ್ ಬೆಟ್ಟ, ಬಲಕ್ಕೆ ಕಿಶೋನ್ ನದಿಯ ಜವುಗು, ನಡುವಿನ ಇಕ್ಕಟ್ಟಿನಲ್ಲಿ ಮೆಷಿನ್‌ಗನ್ನುಗಳು. ಮೈಸೂರು ಸವಾರರ ಒಂದು ತುಕಡಿ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳ ಮೇಲೆ ಬಿತ್ತು. ಕೆಳಗೆ ಜೋಧಪುರದವರು ಓಡುವ ಕುದುರೆಗಳ ಮೇಲೆ ಊರೊಳಗೆ ನುಗ್ಗಿದರು. ಮೇಜರ್ ದಳಪತ್ ಸಿಂಗ್ ಶೇಖಾವತ್ ಅಲ್ಲೇ ಪ್ರಾಣ ಕೊಟ್ಟರು. ಸತ್ತವರು 8, ಗಾಯಗೊಂಡವರು 34. ಸತ್ತ ಕುದುರೆಗಳು 60. ಸೆರೆಸಿಕ್ಕವರು 1,350. ಇಷ್ಟು ಕಡಿಮೆ ಜೀವ ತೆತ್ತು ಕೋಟೆಯಂಥ ಊರನ್ನು ಗೆದ್ದ ಕುದುರೆ ದಾಳಿ ಆ ಯುದ್ಧದಲ್ಲಿ ವಿರಳ.

ಆ ಮಧ್ಯಾಹ್ನದ ದಾಳಿಯಲ್ಲಿ ಹೈದರಾಬಾದ್ ಲ್ಯಾನ್ಸರ್ಸ್ ಇರಲಿಲ್ಲ. ಕೈದಿಗಳ ಕಾವಲಿನ ಕೆಲಸ ಅವರ ಪಾಲಿಗೆ ಬಂದಿತ್ತು. ಮುಸಲ್ಮಾನ ಸವಾರರನ್ನು ಖಲೀಫನ ಸೈನ್ಯದೆದುರು ನಿಲ್ಲಿಸಲು ಬ್ರಿಟಿಷರು ಹಿಂಜರಿದರು ಎಂಬ ವಿವರಣೆ ಎಲ್ಲೆಡೆ ಓಡಾಡುತ್ತಿದೆ. ಅದನ್ನು ಹಾಗೇ ಒಪ್ಪುವುದು ಕಷ್ಟ. ಇದೇ ಸವಾರರು ಮೂರೂವರೆ ವರ್ಷ ಹಿಂದೆ ಸುಯೆಜ್‌ನಲ್ಲಿ ಅದೇ ತುರ್ಕರೆದುರು ನಿಂತಿದ್ದರು. ಜೋಧಪುರದ ರಿಸಾಲೆಯಲ್ಲಿ ಕಾಯಂಖಾನಿ ಮುಸಲ್ಮಾನರಿದ್ದರು, ಮೈಸೂರಿನ ರಿಸಾಲೆಯಲ್ಲೂ ಮುಸಲ್ಮಾನರಿದ್ದರು. ಸಾವಿರಾರು ಕೈದಿಗಳು ದಿನದಿನಕ್ಕೂ ಸೆರೆಸಿಕ್ಕುತ್ತಿದ್ದ ಆ ವಾರದಲ್ಲಿ ಯಾವುದಾದರೂ ಒಂದು ರಿಸಾಲೆ ಹಿಂದೆ ಉಳಿಯಲೇಬೇಕಿತ್ತು. ಧರ್ಮದ ಲೆಕ್ಕದಿಂದ ಒಂದು ಪಡೆಯ ನಾಲ್ಕು ವರ್ಷದ ಸೇವೆಯನ್ನು ಅಳಿಸುವುದು ನ್ಯಾಯವಲ್ಲ.

ದಿಲ್ಲಿಯ ತೀನ್ ಮೂರ್ತಿಯ ಮೂವರು ಕಂಚಿನ ಸಿಪಾಯಿಗಳು ಹೈದರಾಬಾದ್, ಮೈಸೂರು, ಜೋಧಪುರವನ್ನು ಪ್ರತಿನಿಧಿಸುತ್ತಾರೆ. ಲಿಯೊನಾರ್ಡ್ ಜೆನ್ನಿಂಗ್ಸ್ ಕಡೆದ ಆ ಸ್ಮಾರಕ ನಿಂತಿದ್ದು 1922ರಲ್ಲಿ. 2018ರಲ್ಲಿ ಆ ವೃತ್ತಕ್ಕೆ ಹೈಫಾ ಹೆಸರೂ ಸೇರಿತು. ಮೈಸೂರು ಲ್ಯಾನ್ಸರ್ಸ್‌ಗೆ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ತನ್ನದೇ ಸ್ಮಾರಕವಿದೆ. ಇಂದಿನ ಕರ್ನಾಟಕದ ಎರಡು ಭಾಗಗಳು ಒಂದೇ ಬ್ರಿಗೇಡಿನಲ್ಲಿ ಪಕ್ಕಪಕ್ಕ ಕುದುರೆ ಕಟ್ಟಿದ್ದವು. ಕನ್ನಡದಲ್ಲಿ ಹೈಫಾ ಎಂದರೆ ಮೈಸೂರು ಮಾತ್ರ ನೆನಪಾಗುತ್ತದೆ.

ನಿಜಾಮರ ದುಡ್ಡು ಆಕಾಶಕ್ಕೂ ಏರಿತು. ಬ್ರಿಟಿಷ್ ವಾಯುಪಡೆಯ 110ನೇ ಸ್ಕ್ವಾಡ್ರನ್ನಿನ ಡಿ.ಎಚ್. 9ಎ ವಿಮಾನಗಳ ಖರ್ಚನ್ನು ಅವರು ಕೊಟ್ಟರು. ಆ ಸ್ಕ್ವಾಡ್ರನ್ ‘ಹೈದರಾಬಾದ್’ ಎನಿಸಿತು. ಎರಡನೇ ಯುದ್ಧದಲ್ಲಿ 152 ಮತ್ತು 253ನೇ ಸ್ಕ್ವಾಡ್ರನ್ನುಗಳಿಗೂ ಅದೇ ಹೆಸರು ಬಂತು. 152ರ ಲಾಂಛನದಲ್ಲಿ ನಿಜಾಮರ ದಸ್ತಾರಿನ ಚಿತ್ರವಿತ್ತು. ಆಸ್ಟ್ರೇಲಿಯಾದ ನೌಕಾಪಡೆಯ ಒಂದು ಯುದ್ಧನೌಕೆಯ ಹೆಸರೇ ‘ನಿಜಾಮ್’. ಈ ವಿಮಾನಗಳನ್ನು ಹಾರಿಸಿದವರಿಗೆ ಸೇಡಂ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಖಜಾನೆ ತುಂಬಿದ ಕಂದಾಯದಲ್ಲಿ ಸೇಡಂ, ಚಿಂಚೋಳಿಯ ಎರೆ ಹೊಲಗಳ ಪಾಲೂ ಇತ್ತು. ಕೃತಜ್ಞತೆಯ ಬಿರುದುಗಳೆಲ್ಲ ನಿಜಾಮರ ಹೆಸರಿಗೆ ಸೇರಿದವು.

ಇನ್ನು ಕಾಲಾಳುಗಳಿಗೆ ಬರೋಣ. 1922ರ ಮರುವಿಂಗಡಣೆಯಲ್ಲಿ ಹಳೆಯ ಕಂಟಿಂಜೆಂಟಿನ ಪಲ್ಟಣಗಳು ಕೂಡಿ 19ನೇ ಹೈದರಾಬಾದ್ ರೆಜಿಮೆಂಟ್ ಆದವು. ಹೆಸರು ದಖ್ಖನ್ನಿನದು, ಭರ್ತಿ ಬರುಬರುತ್ತಾ ಉತ್ತರದ್ದಾಯಿತು. ಕೆಲವು ಜಾತಿಗಳು ಮಾತ್ರ ಯುದ್ಧಕ್ಕೆ ಲಾಯಕ್ಕು ಎಂಬ ಬ್ರಿಟಿಷರ ಸಿದ್ಧಾಂತ ದಖ್ಖನ್ನಿನವರನ್ನು ಪಕ್ಕಕ್ಕೆ ಸರಿಸಿತು. ಕುಮಾವೋನಿ, ಜಾಟ, ಅಹೀರರ ಕಂಪನಿಗಳು ಬೆಳೆದವು; ದಖ್ಖನಿ ಮುಸಲ್ಮಾನರ ಪಾಲು ಕರಗಿತು. ಕನ್ನಡ ಮಾತಾಡುವ ಒಕ್ಕಲಿಗೆ, ಬೇಡರಿಗೆ, ದಲಿತರಿಗೆ ಅಲ್ಲಿ ಜಾಗವೇ ಇದ್ದಂತಿಲ್ಲ. ಸುರಪುರದ ನಾಯಕರನ್ನು ಸೋಲಿಸಲು ಕಂಟಿಂಜೆಂಟ್ ಸಾಲದೆ ಬೇರೆ ಕಡೆಯಿಂದಲೂ ದಂಡು ಕರೆಸಬೇಕಾಗಿತ್ತು. ಅಂಥವರನ್ನು ಯುದ್ಧಕ್ಕೆ ಬಾರದವರೆಂದು ಬದಿಗಿಟ್ಟ ಸಿದ್ಧಾಂತದ ಟೊಳ್ಳುತನಕ್ಕೆ ಬೇರೆ ಸಾಕ್ಷಿ ಬೇಡ.

ಈ ರೆಜಿಮೆಂಟಿನ ನಾಲ್ಕನೇ ಪಲ್ಟಣ 1788ರಲ್ಲಿ ಎಲಿಚ್‌ಪುರದಲ್ಲಿ ಹುಟ್ಟಿದ್ದು, ಆಮೇಲೆ 98ನೇ ಇನ್ಫೆಂಟ್ರಿ ಎನಿಸಿದ್ದು. 1939ರ ಆಗಸ್ಟ್‌ನಲ್ಲಿ ಅದು 12ನೇ ಭಾರತೀಯ ಇನ್ಫೆಂಟ್ರಿ ಬ್ರಿಗೇಡಿನೊಂದಿಗೆ ಸಿಂಗಪುರಕ್ಕೆ ಹಡಗು ಹತ್ತಿತು. ಬ್ರಿಗೇಡಿನ ಇನ್ನೊಂದು ಪಲ್ಟಣ ಸ್ಕಾಟ್ಲೆಂಡಿನ 2ನೇ ಆರ್ಗೈಲ್ ಅಂಡ್ ಸದರ್ಲ್ಯಾಂಡ್ ಹೈಲ್ಯಾಂಡರ್ಸ್. ಮಡಿಕೇರಿಯ ಕೆ.ಎಸ್. ತಿಮ್ಮಯ್ಯ ಆಗ ಈ ಹೈದರಾಬಾದ್ ಪಲ್ಟಣದ ಅಧಿಕಾರಿ. ಭಾರತೀಯ ಅಧಿಕಾರಿಗಳಿಗೆ ಕ್ಲಬ್ಬುಗಳ ಬಾಗಿಲು ಮುಚ್ಚಿದ್ದ ಊರು ಸಿಂಗಪುರ. 1940ರಲ್ಲಿ ಒಬ್ಬ ಭಾರತೀಯ ಲೆಫ್ಟಿನೆಂಟನನ್ನು ಊರಿಗೆ ವಾಪಸ್ ಕಳಿಸಿದ ಪ್ರಕರಣದಲ್ಲಿ ಪಲ್ಟಣದ ಸಿಪಾಯಿಗಳು ಹುಕುಮು ಪಾಲಿಸಲು ನಿರಾಕರಿಸಿದರು. ಅವರನ್ನು ಸಮಾಧಾನಕ್ಕೆ ತಂದವರಲ್ಲಿ ತಿಮ್ಮಯ್ಯ ಒಬ್ಬರು. ಯುದ್ಧ ಮಲಯ ಮುಟ್ಟುವ ಮೊದಲೇ ಅವರು ಭಾರತಕ್ಕೆ ಮರಳಿದ್ದರು.

1941ರ ಡಿಸೆಂಬರ್ 8ರ ನಡುರಾತ್ರಿ ದಾಟುತ್ತಿದ್ದಂತೆ ಜಪಾನಿಯರು ಮಲಯದ ಕೋಟಬಾರು ತೀರಕ್ಕೆ ಇಳಿದರು. ಪರ್ಲ್ ಹಾರ್ಬರಿನ ಮೇಲೆ ಬಾಂಬು ಬೀಳುವುದಕ್ಕೆ ಇನ್ನೂ ಒಂದು ಗಂಟೆಗೂ ಹೆಚ್ಚು ಹೊತ್ತಿತ್ತು. ಅಲ್ಲಿನ ವಿಮಾನನೆಲೆಯ ರಕ್ಷಣೆಗಿದ್ದದ್ದು ನಿಜಾಮರ ಸ್ವಂತ ಸೈನ್ಯದ 1ನೇ ಹೈದರಾಬಾದ್ ಇನ್ಫೆಂಟ್ರಿ. 19ನೇ ಹೈದರಾಬಾದಿಗೂ ಇದಕ್ಕೂ ಸಂಬಂಧವಿಲ್ಲ; ಹೆಸರು ಒಂದೇ ಆದ್ದರಿಂದ ಎರಡನ್ನೂ ಕಲಸಿಬಿಡುವವರು ಬಹಳ. ನೆಲೆ ಕೈಬಿಟ್ಟಿತು, ಪಡೆ ಚದುರಿತು, ಹಿಮ್ಮೆಟ್ಟುವ ಗದ್ದಲದಲ್ಲಿ ಅದರ ಕಮಾಂಡರ್ ಲೆಫ್ಟಿನೆಂಟ್ ಕರ್ನಲ್ ಸಿ.ಎ. ಹೆಂಡ್ರಿಕ್ಸ್ ಸತ್ತರು. ಈ ಪಡೆಯನ್ನು ಹಳಿದು ಬರೆದವರುಂಟು. ವಿಮಾನನೆಲೆಯ ಕಾವಲಿಗೆಂದು ಕಳಿಸಿದ ಸಂಸ್ಥಾನದ ಪಡೆಯನ್ನು ಆ ಯುದ್ಧದ ಮೊಟ್ಟಮೊದಲ ಹೊಡೆತಕ್ಕೆ ಒಡ್ಡಿದವರ ಹೊಣೆಯನ್ನು ಅಷ್ಟೇ ಗಟ್ಟಿಯಾಗಿ ಹೇಳಬೇಕು.

12ನೇ ಬ್ರಿಗೇಡಿನ ಅಂತ್ಯ ಇನ್ನೂ ದಾರುಣ. ಒಂದು ತಿಂಗಳು ಮಳೆಯಲ್ಲಿ, ನಿದ್ದೆಯಿಲ್ಲದೆ, ಹಗಲೆಲ್ಲ ವಿಮಾನದಾಳಿಯ ಕೆಳಗೆ ಹಿಮ್ಮೆಟ್ಟುತ್ತಾ ಅದು ಸ್ಲಿಮ್ ನದಿಯ ಉತ್ತರಕ್ಕೆ ಬಂದು ನಿಂತಿತು. ಆಗ ಬ್ರಿಗೇಡಿನ ಹೊಣೆ ಆರ್ಗೈಲ್‌ಗಳ ಇಯಾನ್ ಸ್ಟೂಅರ್ಟರದು. ಕಾಡಿನ ಯುದ್ಧವನ್ನು ಮುಂಚೆಯೇ ಯೋಚಿಸಿ ತಮ್ಮ ಸಿಪಾಯಿಗಳನ್ನು ಪಳಗಿಸಿದ್ದ ಕೆಲವೇ ಅಧಿಕಾರಿಗಳಲ್ಲಿ ಅವರು ಒಬ್ಬರು. ಎಲ್ಲಕ್ಕಿಂತ ಮುಂದೆ 4ನೇ ಹೈದರಾಬಾದ್, ಹಿಂದೆ 5/2 ಪಂಜಾಬ್ (2ನೇ ಪಂಜಾಬ್ ರೆಜಿಮೆಂಟಿನ 5ನೇ ಪಲ್ಟಣ), ಅದರ ಹಿಂದೆ ಆರ್ಗೈಲ್‌ಗಳು. 1942ರ ಜನವರಿ 7ರಂದು ಇನ್ನೂ ಕತ್ತಲಿರುವಾಗಲೇ ಜಪಾನಿ ಟ್ಯಾಂಕುಗಳು ಹೆದ್ದಾರಿ ಹಿಡಿದು ಬಂದವು. ಮಲಯದಲ್ಲಿ ಬ್ರಿಟಿಷರ ಬಳಿ ಒಂದೇ ಒಂದು ಟ್ಯಾಂಕ್ ಇರಲಿಲ್ಲ; ಭಾರತೀಯ ಸಿಪಾಯಿಗಳಲ್ಲಿ ಬಹಳ ಜನ ಟ್ಯಾಂಕನ್ನೇ ನೋಡಿರಲಿಲ್ಲ. ಹೈದರಾಬಾದಿನ ಸಾಲು ಮೊದಲು ಮುರಿಯಿತು, ಪಂಜಾಬಿನವರು ಕೆಲ ಹೊತ್ತು ತಡೆದರು, ಆರ್ಗೈಲ್‌ಗಳ ನಡುವೆಯೂ ಟ್ಯಾಂಕುಗಳು ಹಾದುಹೋದವು. ಬೆಳಗಾಗಿ ಕೆಲವೇ ಗಂಟೆಗಳಲ್ಲಿ ಸ್ಲಿಮ್ ಸೇತುವೆ ಜಪಾನಿಯರ ಕೈಯಲ್ಲಿತ್ತು. ಈ ಬ್ರಿಗೇಡೂ ಅದರ ಹಿಂದಿದ್ದ ಇನ್ನೊಂದು ಬ್ರಿಗೇಡೂ ಒಂದೇ ಬೆಳಗಿನಲ್ಲಿ ಇಲ್ಲವಾದವು. ದಾರಿ ತಪ್ಪಿದ ಸ್ಕಾಟರೂ ಭಾರತೀಯರೂ ವಾರಗಟ್ಟಲೆ ಕಾಡಿನಲ್ಲಿ ಅಲೆದರು.

ಜನವರಿ 31ರಂದು ಜೊಹೋರ್ ಸೇತುವೆ ದಾಟಿ ಸಿಂಗಪುರಕ್ಕೆ ಕೊನೆಯದಾಗಿ ಬಂದವರು ಅಳಿದುಳಿದ ಆರ್ಗೈಲ್‌ಗಳು, ಅವರ ಪೈಪು ಊದುವವರೊಂದಿಗೆ. ಆ ಚಿತ್ರ ಸ್ಕಾಟ್ಲೆಂಡಿನಲ್ಲಿ ಇಂದಿಗೂ ಜೀವಂತ. ಅದೇ ಬ್ರಿಗೇಡಿನ ಮುಂಚೂಣಿಯಲ್ಲಿ ಮೊದಲ ಪೆಟ್ಟು ತಿಂದ ಹೈದರಾಬಾದ್ ಪಲ್ಟಣದ ಬಗ್ಗೆ ಹೈದರಾಬಾದಿನಲ್ಲೇ ಹೆಚ್ಚಿನವರಿಗೆ ತಿಳಿಯದು. ಫೆಬ್ರವರಿ 15ರಂದು ಸಿಂಗಪುರ ಶರಣಾಯಿತು. ಸೆರೆಯಾದವರಲ್ಲಿ 1ನೇ ಮೈಸೂರು ಇನ್ಫೆಂಟ್ರಿಯೂ ಇತ್ತು. ಮುಂದೆ ಕೆಲವರು ಆಜಾದ್ ಹಿಂದ್ ಫೌಜು ಸೇರಿದರು, ಕೆಲವರು ಸೆರೆಯಲ್ಲೇ ಕೊಳೆತರು. ತಿಮ್ಮಯ್ಯನವರ ಅಣ್ಣನೂ ಸುಭಾಷರ ಫೌಜಿನಲ್ಲಿದ್ದರು. ಒಂದೇ ಮನೆಯ ಇಬ್ಬರು ಎದುರು ಬದಿರು ನಿಂತ ಈ ಯುದ್ಧವನ್ನು ಬರೀ ನಿಷ್ಠೆ, ದ್ರೋಹ ಎಂಬ ಎರಡು ಮಾತಿನಲ್ಲಿ ತೂಗಲಾಗದು.

ಸೋಲಿನ ನಂತರದ ಅಧ್ಯಾಯ ಬರ್ಮಾದ ಅರಕಾನಿನಲ್ಲಿದೆ. 1945ರ ಜನವರಿ–ಫೆಬ್ರವರಿಯಲ್ಲಿ ಕಂಗಾವ್ ಎಂಬಲ್ಲಿ ಹೋರಾಡಿದ 51ನೇ ಬ್ರಿಗೇಡಿನ ಮೂರು ಪಲ್ಟಣಗಳಿಗೂ ಭಾರತೀಯರೇ ಕಮಾಂಡರುಗಳು: 8/19 ಹೈದರಾಬಾದಿಗೆ ತಿಮ್ಮಯ್ಯ, 2/2 ಪಂಜಾಬಿಗೆ ಎಸ್.ಪಿ.ಪಿ. ಥೋರಟ್, 16/10 ಬಲೂಚಿಗೆ ಎಲ್.ಪಿ. ಸೇನ್. ಅಲ್ಲಿನ ಗುಡ್ಡಗಳಿಗೆ ಇಟ್ಟಿದ್ದ ಗುಪ್ತನಾಮಗಳಲ್ಲಿ ಪರ್ತ್, ಮೆಲ್‌ರೋಸ್, ಡನ್ಸ್ ಎಂಬ ಸ್ಕಾಟ್ಲೆಂಡಿನ ಊರುಗಳ ಹೆಸರುಗಳಿದ್ದವು. ಕೈಕೈ ಮಿಲಾಯಿಸುವ ಕಾಳಗದ ಕೊನೆಗೆ ಜಪಾನಿಯರ ಹಿಮ್ಮೆಟ್ಟುವ ದಾರಿ ಮುಚ್ಚಿತು. ಮೂವರಿಗೂ ಡಿ.ಎಸ್.ಒ. ಪದಕ ಬಂತು. ಭಾರತೀಯ ಅಧಿಕಾರಿಗೆ ಪಲ್ಟಣ ನಡೆಸುವ ತಾಕತ್ತಿದೆಯೇ ಎಂಬ ಬ್ರಿಟಿಷರ ಪ್ರಶ್ನೆ ಅಲ್ಲಿಗೆ ಸತ್ತಿತು. ತಿಮ್ಮಯ್ಯ ಆಮೇಲೆ 36ನೇ ಬ್ರಿಗೇಡನ್ನೇ ರಣರಂಗದಲ್ಲಿ ನಡೆಸಿದರು. ಆ ಯುದ್ಧದಲ್ಲಿ ಇನ್ಯಾವ ಭಾರತೀಯನಿಗೂ ಆ ಹೊಣೆ ಸಿಗಲಿಲ್ಲ.

1945ರ ಅಕ್ಟೋಬರ್ 27ರಂದು 19ನೇ ಹೈದರಾಬಾದ್ ರೆಜಿಮೆಂಟಿನ ಹೆಸರು ಕುಮಾವೋನ್ ರೆಜಿಮೆಂಟ್ ಎಂದು ಬದಲಾಯಿತು. ಸಿಪಾಯಿಗಳು ಎಲ್ಲಿಯವರೋ ಅಲ್ಲಿಯ ಹೆಸರು ಪಲ್ಟಣಕ್ಕೆ ಬಂತು. ಅದು ಸರಿಯಾದ ನಿರ್ಧಾರವೇ. ಸ್ಲಿಮ್ ನದಿಯಲ್ಲಿ ಧೂಳಾಗಿ ಮತ್ತೆ ಕಟ್ಟಲ್ಪಟ್ಟ ನಾಲ್ಕನೇ ಪಲ್ಟಣ 4ನೇ ಕುಮಾವೋನ್ ಆಗಿ, 1947ರ ನವೆಂಬರ್ 3ರಂದು ಶ್ರೀನಗರದ ವಿಮಾನನೆಲೆಯ ಹತ್ತಿರ ಬಡಗಾಮದಲ್ಲಿ ಹೋರಾಡಿತು. ಅಲ್ಲಿ ಸತ್ತ ಮೇಜರ್ ಸೋಮನಾಥ ಶರ್ಮರಿಗೆ ದೇಶದ ಮೊದಲ ಪರಮವೀರ ಚಕ್ರ ಸಂದಿತು. ಅವರು ಸೈನ್ಯ ಸೇರಿದ್ದು 8/19 ಹೈದರಾಬಾದಿನಲ್ಲಿ.

ನಿಜಾಮರ ಸ್ವಂತ ಸೈನ್ಯದ ಕೊನೆ ಬೇರೆ ರೀತಿಯದು. ಅದರ ದಂಡನಾಯಕ ಸೈಯದ್ ಅಹ್ಮದ್ ಎಲ್ ಎದ್ರೂಸ್, ಹರೆಯದಲ್ಲಿ ಹೈದರಾಬಾದ್ ಲ್ಯಾನ್ಸರ್ಸ್‌ನೊಂದಿಗೆ ಪ್ಯಾಲೆಸ್ಟೈನಿನಲ್ಲಿದ್ದವರು. 1948ರ ಸೆಪ್ಟೆಂಬರ್ 13ರಂದು ಇನ್ನೂ ಭಾರತಕ್ಕೆ ಸೇರದಿದ್ದ ಹೈದರಾಬಾದಿನೊಳಕ್ಕೆ ಭಾರತದ ಸೈನ್ಯ ಸೋಲಾಪುರದ ಕಡೆಯಿಂದ ಬಂತು. ಅದರಲ್ಲಿ, 1914ರಲ್ಲಿ ಸಿಕಂದರಾಬಾದ್ ಬ್ರಿಗೇಡಿನ ಭಾಗವಾಗಿ ಫ್ರಾನ್ಸಿಗೆ ಹೋಗಿದ್ದ ಪೂನಾ ಹಾರ್ಸ್ ಕೂಡ ಇತ್ತು, ಈ ಸಲ ಟ್ಯಾಂಕುಗಳ ಮೇಲೆ. 18ರಂದು ಎದ್ರೂಸ್ ಮೇಜರ್ ಜನರಲ್ ಜೆ.ಎನ್. ಚೌಧರಿ ಅವರಿಗೆ ಶರಣಾದರು. ನಿಜಾಮರ ಪರ ನಿಂತಿದ್ದ ರಜಾಕಾರರ ಹಿಂಸೆಯಲ್ಲಿ ಬೆಂದಿದ್ದ ಕಲಬುರಗಿ ಸೀಮೆಗೆ ಆ ವಾರ ಬಿಡುಗಡೆಯ ವಾರ. ಆ ಬಿಡುಗಡೆಯ ಸಂತೋಷದಲ್ಲಿ ನಿಜಾಮರಿಗೆ ಸೇರಿದ್ದೆಲ್ಲವನ್ನೂ ಮರೆಯುವ ಹಂಬಲ ಸಹಜವಾಗಿತ್ತು. ಈಜಿಪ್ಟಿನಲ್ಲೋ ಮಲಯದಲ್ಲೋ ಸತ್ತ ಬಡ ಸಿಪಾಯಿಯೂ ಆ ಮರೆವಿನಲ್ಲಿ ಕೊಚ್ಚಿಹೋದ. ರಜಾಕಾರನಿಗೂ ಅವನಿಗೂ ಯಾವ ಸಂಬಂಧವೂ ಇರಲಿಲ್ಲ.

ಆ ಸಿಪಾಯಿಯ ಹೆಸರು ಮಾತ್ರ ಪೂರ್ತಿ ಅಳಿದಿಲ್ಲ. ಸಿಂಗಪುರದ ಕ್ರಾಂಜಿ ಸ್ಮಾರಕದ ಗೋಡೆಗಳಲ್ಲಿ ಸಮಾಧಿಯೇ ಸಿಗದ 24,000ಕ್ಕೂ ಹೆಚ್ಚು ಜನರ ಹೆಸರುಗಳಿವೆ. ಹೈಫಾದಲ್ಲಿ ಭಾರತೀಯರ ಸ್ಮಶಾನವಿದೆ. ಮಲೇಷ್ಯಾದ ತೈಪಿಂಗಿನಲ್ಲೂ ಫ್ರಾನ್ಸಿನ ನೂವ್ ಶಪೆಲ್‌ನಲ್ಲೂ ನಮ್ಮವರ ಹೆಸರುಗಳಿವೆ. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ದಾಖಲೆಗಳಲ್ಲಿ ಅನೇಕ ಭಾರತೀಯ ಸಿಪಾಯಿಗಳ ತಂದೆಯ ಹೆಸರು, ಹಳ್ಳಿ, ಜಿಲ್ಲೆ ನಮೂದಾಗಿವೆ, ಯಾರು ಬೇಕಾದರೂ ನೋಡಬಹುದು. ಇಂಗ್ಲಿಷ್ ಗುಮಾಸ್ತರು ಊರ ಹೆಸರುಗಳನ್ನು ಬಾಯಿಗೆ ಬಂದಂತೆ ಬರೆದಿದ್ದಾರೆ. ಸೇಡಂ ‘ಸೇರಮ್’ ಆಗಿರುತ್ತದೆ, ಕಲಬುರಗಿ ‘ಗುಲ್ಬರ್ಗಾ’ ಆಗಿರುತ್ತದೆ, ಸಣ್ಣ ಹಳ್ಳಿಗಳು ಗುರುತೇ ಸಿಗದಷ್ಟು ಕೆಟ್ಟಿರುತ್ತವೆ. ಅವನ್ನು ಓದಿ ಊರು ಗುರುತಿಸಲು ಈ ನೆಲದ ಊರುಕೇರಿಗಳನ್ನು ಬಲ್ಲ ಕನ್ನಡ, ಉರ್ದು, ತೆಲುಗು ಓದುಗರೇ ಬೇಕು. ಕಲಬುರಗಿಯ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ತಾಲ್ಲೂಕಿಗೊಬ್ಬ ವಿದ್ಯಾರ್ಥಿಗೆ ಈ ಕೆಲಸ ಹಚ್ಚಿದರೆ ಪಟ್ಟಿ ತಯಾರಾಗುತ್ತದೆ. ಪಟ್ಟಿ ಚಿಕ್ಕದಿರಬಹುದು. ಕೆತ್ತಲು ಶಹಾಬಾದಿನಲ್ಲಿ ಕಲ್ಲಿಗೆ ಬರವಿಲ್ಲ.